ಲಾಭ, ಎರಡು, ಮೂರು

ನನ್ನ ಮಗಳು ಮೊದಲು ಆಡಿದ ಮಾತು ಅವ್ವ ಅಲ್ಲ, ಅಪ್ಪನೂ ಅಲ್ಲ. ಲಾಭ. ಇದನ್ನು ಹೇಳಿದರೆ ಈಗಲೂ ಜನ ನಗುತ್ತಾರೆ, ಯಾವ ಸಾಹುಕಾರನ ಮನೆಯ ಕೂಸು ಎಂದು ಕೇಳುತ್ತಾರೆ. ಸಾಹುಕಾರರಲ್ಲ ನಾವು. ಸಿಂದಗಿಯಲ್ಲಿ ಬಾಡಿಗೆ ಮನೆ, ಗಂಡ ಕಾಲೇಜೊಂದರಲ್ಲಿ ಗುಮಾಸ್ತ, ನಾನು ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯವರ ಜಂಪರು ಹೊಲಿಯುವವಳು.

ಮೂರು ವರ್ಷ ತುಂಬುತ್ತ ಬಂದರೂ ಮಗಳು ಬಾಯಿ ಬಿಟ್ಟಿರಲಿಲ್ಲ. ಕಿವಿ ಚೆನ್ನಾಗಿವೆ ಎಂದು ವಿಜಯಪುರದ ಡಾಕ್ಟರು ಹೇಳಿದ್ದರು. ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಎರಡು ರೊಟ್ಟಿ ತಾ ಎಂದರೆ ಎರಡೇ ತರುವಳು, ಮೂರು ಎಂದರೆ ಮೂರು. ಮಾತು ಮಾತ್ರ ಇಲ್ಲ. ಬೇಕಾದದ್ದನ್ನು ಬೆರಳು ಮಾಡಿ ತೋರಿಸಿ ‘ಊಂ’ ಅನ್ನುವಳು. ಮುದ್ದೇಬಿಹಾಳದ ನಾದಿನಿ ನಾಲಿಗೆಗೆ ಬಜೆ ತೇಯ್ದು ಹಚ್ಚು ಅಂದಳು, ಹಚ್ಚಿದೆ. ಬಾಗೇವಾಡಿ ಬಸವಣ್ಣನಿಗೆ ಹರಕೆ ಹೊರು ಅಂದರು, ಹೊತ್ತೆ. ಪಕ್ಕದ ಮನೆಯಾಕೆ ಅದೇ ವಯಸ್ಸಿನ ತನ್ನ ಮಗಳನ್ನು ಕರೆತಂದು ನನ್ನೆದುರು ಹಾಡು ಹೇಳಿಸುತ್ತಿದ್ದಳು. ಏನೂ ಅರಿಯದ ಆ ಕೂಸಿನ ಮೇಲೆ ನನಗೆ ಬರುತ್ತಿದ್ದ ಸಿಟ್ಟು ದೇವರಿಗೇ ಗೊತ್ತು.

ನಾನಂತೂ ಹಾಡಿದ್ದೇ ಹಾಡುವ ಕಿಸಬಾಯಿ ದಾಸನಂತಾಗಿದ್ದೆ. ಹಾಲು ಕುಡಿಸುವಾಗ, ತಲೆ ಬಾಚುವಾಗ ಒಂದೇ ಪಾಠ: ಅವ್ವಾ ಅನ್ನು, ಅವ್ವಾ ಅನ್ನು. ಅವಳು ನನ್ನ ತುಟಿ ನೋಡಿ ನಕ್ಕು ಸುಮ್ಮನಾಗುವಳು. ಓದು, ಬುದ್ಧಿ, ಹಾಡು ಎಲ್ಲ ಆಮೇಲಿನ ಮಾತು. ಒಂದು ಸಲ ನನ್ನನ್ನು ಕರೆದರೆ ಸಾಕಿತ್ತು ನನಗೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಅವಳನ್ನು ಕಟ್ಟಿಕೊಂಡು ತವರಿಗೆ, ತಾಂಬಾಕ್ಕೆ, ಹೋದೆ. ಅಲ್ಲಿ ನನ್ನ ಅವ್ವ, ಮಗಳಿಗೆ ಆಯಿ. ನಾನೆಷ್ಟು ದೊಡ್ಡವಳಾದರೂ ಅವ್ವನ ಬಾಯಲ್ಲಿ ‘ಯವ್ವಾ’. ನಮ್ಮ ಕಡೆ ಹೆತ್ತವಳನ್ನು ಕರೆಯುವುದೂ ಹಾಗೆಯೇ, ಹೆತ್ತ ಮಗಳನ್ನು ಮುದ್ದಿನಿಂದ ಕರೆಯುವುದೂ ಹಾಗೆಯೇ. ಅವ್ವ ಆ ಕೊನೆಯ ದೀರ್ಘವನ್ನು ಇನ್ನಷ್ಟು ಎಳೆದು, ತುದಿಯಲ್ಲಿ ಸ್ವಲ್ಪ ಮೇಲಕ್ಕೆತ್ತಿ ಬಿಡುತ್ತಿದ್ದಳು. ಮೊಮ್ಮಗಳ ಮಾತಿನ ಬಗ್ಗೆ ಅವಳಿಗೆ ಚಿಂತೆಯೇ ಇರಲಿಲ್ಲ. ಕಾಳು ಬಿತ್ತಿದ ಮರುದಿನ ಹೊಲ ಕೆದರಿ ನೋಡುವ ಬುದ್ಧಿ ನಿನ್ನದು ಎಂದು ನನ್ನನ್ನೇ ಬೈದಳು.

ಒಂದು ಮುಂಜಾನೆ ಅವ್ವ ಗಿರಣಿಗೆ ಕಳಿಸಲು ಜೋಳ ಅಳೆಯುತ್ತಿದ್ದಳು. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಒಂದು ಅಂದರೆ ಒಂದಕ್ಕೇ ನಿಂತೀತು ಎಂಬ ಅಂಜಿಕೆಯೋ, ಲಾಭ ಅಂದರೆ ರಾಶಿ ಹೆಚ್ಚೀತು ಎಂಬ ಆಸೆಯೋ, ನಾನಂತೂ ಕೇಳಿದವಳಲ್ಲ. ಮಗಳು ದಿನವೂ ಆಯಿಯ ಪಕ್ಕದಲ್ಲಿ ಕೂತು ಇದನ್ನು ನೋಡುವಳು. ಅವತ್ತು ಅವ್ವ ಮೊದಲ ಸೇರು ಬುಟ್ಟಿಗೆ ಸುರಿದಳು, ಜೋಳದ ಧೂಳು ಮೂಗಿಗೆ ಹೋಗಿ ಕೆಮ್ಮು ಹತ್ತಿತು, ಮಾತು ಬಾಯಲ್ಲೇ ಉಳಿಯಿತು. ಆ ಖಾಲಿ ಜಾಗದಲ್ಲಿ ನನ್ನ ಮಗಳು ‘ಲಾಬ’ ಅಂದಳು.

ಅಂಗಳದಲ್ಲಿದ್ದ ನಾನು ಓಡಿ ಬಂದೆ. ಅವ್ವ ಏನೂ ಆಗದವಳಂತೆ ಎರಡನೆಯ ಸೇರು ಸುರಿದು ಸುಮ್ಮನೆ ಕಾದಳು. ‘ಎಯ್ಡು’ ಅಂದಿತು ಕೂಸು. ಆಮೇಲೆ ‘ಮೂಉ’. ನನಗೆ ಅಳು ಬಂತು. ಅಳುವಿನ ಹಿಂದೆಯೇ ಜೋಳದ ಮೇಲೆ ಹೊಟ್ಟೆಕಿಚ್ಚೂ ಬಂತು.

ಅಲ್ಲಿಂದ ಮಾತು ಅಂಕಿಯ ಸೆರಗು ಹಿಡಿದು ಒಳಗೆ ಬಂತು. ಅವಳ ಲೆಕ್ಕದಲ್ಲಿ ಒಂದಕ್ಕೆ ಹೆಸರೇ ಲಾಭ. ಲಾಬ ಎಮ್ಮಿ. ಆಕಾಶ ನೋಡಿ, ಲಾಬ ಚಂದಪ್ಪ. ಎರಡು ಬೆರಳು ತೋರಿಸಿ ‘ಎಯ್ಡು’ ಅಂದರೆ ಅವ್ವ ಕೊಡುತ್ತಿರಲಿಲ್ಲ. ಎರಡು ಏನು ಎಂದು ಕೇಳುವಳು. ಬರಿಯ ಎರಡಕ್ಕೆ ಯಾವ ರುಚಿಯೂ ಇಲ್ಲವೆಂದು ಕೂಸಿಗೆ ಬಲುಬೇಗ ತಿಳಿಯಿತು. ‘ಎಯ್ಡು ಬೆಲ್ಲ’ ಅಂದಳು. ಹೀಗೆ ಬೆಲ್ಲಕ್ಕೆ ಹೆಸರು ಬಂತು, ಎಮ್ಮೆಗೆ ಬಂತು, ರೊಟ್ಟಿಗೆ ಬಂತು. ನನಗೆ ಬರಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ, ಮಧ್ಯಾಹ್ನದ ಊಟಕ್ಕೆ ಅವಳು ತಾನೇ ತಾಟು ಇಡುತ್ತೇನೆಂದು ನಿಂತಳು. ಎಷ್ಟು ಬೇಕೆಂದು ನೋಡಲು ಆಯಿಯತ್ತ ಬೆರಳು ಮಾಡಿ ‘ಲಾಬ’ ಅಂದಳು, ನನ್ನತ್ತ ಮಾಡಿ ‘ಎಯ್ಡು’. ಅವಳಿಗೆ ನಾನು ಎರಡನೆಯ ಸೇರು ಜೋಳ. ಅವ್ವ ಆ ಪುಟ್ಟ ಬೆರಳನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿದಳು.

“ಮಂದೀನ ಹಂಗ ಎಣಸಬಾರದ, ಕೂಸ. ಕಾಳ ಎಣಸಬೇಕು, ಮಂದೀನ ಕರೀಬೇಕು. ಕರಿ, ಊಟಕ್ಕ ಕರಿ ನೋಡೋಣ.”

ನಾನು ರೊಟ್ಟಿ ಬುಟ್ಟಿ ತರಲು ಎದ್ದು ತಿರುಗಿದೆ. ಬೆನ್ನ ಹಿಂದೆ ‘ಯವ್ವಾ’ ಎಂದು ಕೇಳಿತು. ಅದೇ ಎಳೆತ, ತುದಿಯಲ್ಲಿ ಅದೇ ಎತ್ತರ. ಏನವ್ವಾ, ಎಂದು ಹೋಗುತ್ತಲೇ ಓಗೊಟ್ಟೆ.

“ನಾ ಅಲ್ಲ,” ಅಂದಳು ಅವ್ವ. “ಆಕಿ ಕರದ್ಲು.”

ಇದೆಲ್ಲ ಆಗಿ ಐದು ವರ್ಷವಾಯಿತು. ಈಗ ಮಗಳು ಮೂರನೆಯ ಇಯತ್ತೆ, ಇಂಗ್ಲಿಷ್ ಸಾಲೆ. ಬಾಯಿಗೆ ಬೀಗವಿಲ್ಲ, ಒಮ್ಮೊಮ್ಮೆ ಆ ಬಜೆ ತುಸು ಹೆಚ್ಚೇ ತೇಯ್ದೆನೇನೋ ಅನ್ನಿಸುತ್ತದೆ. ಆದರೆ ನಲವತ್ತೊಂಬತ್ತನೆಯ ಪುಟ ತೆಗೆ ಎಂದರೆ ‘ಅಂದರೆ ಎಷ್ಟು?’ ಎಂದು ಕೇಳುತ್ತಾಳೆ, ಫೋರ್ಟಿ ನೈನ್ ಎಂದ ಮೇಲೆಯೇ ಹಾಳೆ ತಿರುವುತ್ತಾಳೆ. ಎರಡು ಮಾಮಾ ಬಂದರು ಅನ್ನುತ್ತಾಳೆ, ಇಬ್ಬರು ಎಂದು ನಾನು ತಿದ್ದಬೇಕು. ಸಾಲೆಯಲ್ಲಿ ಕಲಿಸಿದಂತೆ ನಾನು ಮಮ್ಮಿಯಾಗಿದ್ದೇನೆ. ಮೊದಮೊದಲು ರೇಗಿದೆ, ಆಮೇಲೆ ಬಿಟ್ಟೆ. ಕರೆಯುತ್ತಾಳಲ್ಲ, ಅದೇ ದೊಡ್ಡದು.

ಹೋದ ವರ್ಷ ಎಳ್ಳಮಾಸಿ ಹಬ್ಬಕ್ಕೆ ಮುಂಚೆ ಅವ್ವ ತೀರಿಕೊಂಡಳು. ಜಂಪರು ಹೊಲಿಸಲು ಬರುವವರಿಗೆ ನಾನು ಅಕ್ಕಾರು, ಗಂಡನಿಗೆ ಬರಿಯ ‘ಏ’. ನನ್ನನ್ನು ಯವ್ವಾ ಎನ್ನುವವರು ಈಗ ಯಾರೂ ಇಲ್ಲ. ಮಷೀನು ತುಳಿಯುತ್ತ ಕೂತಾಗ ಆ ಕರೆ ಬೇಕೆನಿಸುತ್ತದೆ. ಹಸಿವಾದ ಹಾಗೆ ಬೇಕೆನಿಸುತ್ತದೆ. ಒಬ್ಬಳೇ ಇದ್ದಾಗ ನಾನೇ ಎಳೆದು ಅಂದು ನೋಡಿದ್ದೇನೆ, ಆ ತುದಿ ನನಗೆ ಬರುವುದಿಲ್ಲ.

ಈ ಸಲ ನನ್ನ ತಮ್ಮ ತಾಂಬಾದಿಂದ ಒಂದು ಚೀಲ ಜೋಳ ಕಳಿಸಿದ, ಜೊತೆಗೆ ಅವ್ವನ ಹಿತ್ತಾಳೆ ಸೇರು. ರವಿವಾರ ಗಿರಣಿಗೆಂದು ಅಳೆಯಲು ಕೂತೆ. ಮೂಲೆಯಲ್ಲಿ ಮಗಳು ಹೋಂವರ್ಕ್ ಬರೆಯುತ್ತಿದ್ದಳು. ಮೊದಲ ಸೇರು ತುಂಬಿ ಎತ್ತಿದೆ. ಅವ್ವನ ಆ ಮಾತು ಆಡಿದರೆ ಅತ್ತುಬಿಡುತ್ತೇನೆ ಎಂದು ತಿಳಿದು ಮೆಲ್ಲಗೆ ‘ಒಂದು’ ಅಂದು ಸುರಿದೆ.

ಮಗಳು ಬರೆಯುವ ಪಟ್ಟಿಯಿಂದ ತಲೆ ಎತ್ತಲಿಲ್ಲ.

“ಒಂದು ಅಲ್ಲ,” ಅಂದಳು. “ಲಾಬ ಅನಬೇಕ, ಯವ್ವಾ.”

ಎಳೆದು, ತುದಿಯಲ್ಲಿ ಸ್ವಲ್ಪ ಮೇಲಕ್ಕೆತ್ತಿ.

“ಹೂಂ, ಯವ್ವಾ,” ಅಂದೆ. ಬುಟ್ಟಿಯ ಜೋಳವನ್ನು ತಿರುಗಿ ಚೀಲಕ್ಕೆ ಸುರಿದು, ಮೊದಲಿನಿಂದ ಅಳೆದೆ.