ತಡವಾಗಿದ್ದು ಅಡಿಗೆಯಲ್ಲ

ಗಂಗವ್ವ, ಅಂದು ಕೌಜಲಗಿಯ ನಮ್ಮ ಮನೆಯಲ್ಲಿ ಅಡಿಗೆ ತಡವಾಗಿರಲಿಲ್ಲ. ತಡೆದವನು ನಾನು. ತಪ್ಪನ್ನು ನಿನ್ನ ತಲೆಗೆ ಕಟ್ಟಿದವನೂ ನಾನೇ.

ನಮ್ಮ ರೈತರ ಪಕ್ಷ ಹುಟ್ಟಿ ಆಗ ಮೂರು ತಿಂಗಳಾಗಿತ್ತು. ಉಳುವವನ ಮಾತು ನಡೆಯಬೇಕು ಎನ್ನುತ್ತ ಮೂಡಲಗಿ, ನಾಗನೂರ, ಮಮದಾಪುರ ಎಲ್ಲ ಸುತ್ತಿ ಗಂಟಲು ಹರಿದುಕೊಂಡಿದ್ದೆ. ಆದರೆ ಜಿಲ್ಲಾ ಬೋರ್ಡಿನ ಚುನಾವಣೆಯಲ್ಲಿ ಜಮೀನ್ದಾರ ದೇಸಾಯರನ್ನು ಸೋಲಿಸಲು ನಾವಷ್ಟೇ ಸಾಲುತ್ತಿರಲಿಲ್ಲ. ಹುಕ್ಕೇರಿ ಕಡೆಯ ಜೈನ ರೈತರ ಹಿರಿಯ ಪಾಯಪ್ಪ ಕಾಕಾ ನಮ್ಮೊಡನೆ ಕೈ ಜೋಡಿಸಬೇಕಿತ್ತು. ಅಂದು ಅವರು ನಮ್ಮ ಮನೆಗೆ ಬಂದಿದ್ದರು; ಮಾತುಕತೆ ಮುಗಿಸಿ ಒಂದೇ ಪಂಕ್ತಿಯಲ್ಲಿ ಉಂಡೆದ್ದರೆ ಒಪ್ಪಂದ ಪಕ್ಕಾ — ಕಾಗದ ಯಾರಿಗೆ ಬೇಕಿತ್ತು? ಕೂಡಿದರೆ ಕಾಕಾ ಉಮೇದುವಾರ. ಕೂಡದಿದ್ದರೆ ನನ್ನ ಅಣ್ಣ. ಅಣ್ಣನೇ ನಿಲ್ಲಲಿ ಎಂಬುದೇ ನನ್ನ ಹೊಟ್ಟೆಯೊಳಗಿನ ಹುಳ.

ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದು ತಿಳಿದೇ, ಅಡಿಗೆಗೆ ಕರೆಸಿದ್ದ ನೀನು ಮಧ್ಯಾಹ್ನವೇ ರೊಟ್ಟಿ ಬಡಿದಿಟ್ಟು, ಪಲ್ಯಕ್ಕೆ ಉಳ್ಳಾಗಡ್ಡಿ ಸಹ ಹಾಕದೆ ಕಾಯುತ್ತಿದ್ದಿ. ಬಾಗಿಲಿಗೆ ಬಂದು, ನನ್ನನ್ನು ಸನ್ನೆ ಮಾಡಿ ಕರೆದು, ಮೆಲ್ಲಗೆ ಕೇಳಿದಿ:

"ಹೊತ್ತ ಇಳಿಯಾಕತ್ತೈತ್ರಿ ಅಣ್ಣಾರ. ಬಡಸ್ಲೇನ್ರಿ?"

"ತಡಿ. ನಾ ಹೇಳ್ತೇನಿ."

ಹೇಳಲಿಲ್ಲ. ಮರಳಿ ಕಾಕಾ ಜೊತೆ ಮಾತಿಗೆ ಮಾತು ಜೋಡಿಸುತ್ತ ಕೂತೆ, ಕಣ್ಣು ಮಾತ್ರ ಅಂಗಳದ ಬಿಸಿಲಿನ ಮೇಲೆ. ನಾಚಿಕೆಗೇಡು — ಆದರೂ ಹೇಳುತ್ತೇನೆ — ಆಗ ನನಗೆ ಭಯವಿರಲಿಲ್ಲ, ಕುತೂಹಲವಿತ್ತು. ಇಷ್ಟು ದೊಡ್ಡ ಮೈತ್ರಿ ಒಂದು ಊಟಕ್ಕೆ ಮುರಿಯುತ್ತದೆಯೇ? ನೋಡೇಬಿಡೋಣ ಅನಿಸಿತು.

ಹೊತ್ತು ಮುಳುಗಿತು. ಕಾಕಾ ಮೆಲ್ಲಗೆ ಎದ್ದು, "ಯಾಕಪಾ ಇಷ್ಟ ತಡಾ?" ಎಂದರು.

"ಏನ್ ಮಾಡೂದ್ರಿ ಕಾಕಾ, ಗಂಗವ್ವ ಅಡಿಗಿ ತಡಾ ಮಾಡಿದ್ಲು."

ಕಾಕಾ ಹೊರಗೆ ನಡೆದು ಚಪ್ಪಲಿ ಮೆಟ್ಟಿದರು. ಅವರ ಜೊತೆ ಬಂದವರು, ಮನೆಗೆ ಕರೆದು ಮಾನ ಕಳೆದರು ಎನ್ನುತ್ತ ನೀರೂ ಮುಟ್ಟದೆ ಗಾಡಿ ಹೂಡಿದರು. ಮುಂದೆ ಚುನಾವಣೆಗೆ ಅವರೂ ನಿಂತರು, ನಾವೂ ನಿಂತೆವು, ಓಟು ಒಡೆಯಿತು, ದೇಸಾಯರು ಗೆದ್ದರು. ಅಣ್ಣ ಮೂರನೆಯವನಾದ.

ಊರು ನಿನಗೆ 'ಪಕ್ಷ ಮುಳುಗಿಸಿದ ಗಂಗವ್ವ' ಎಂದು ಹೆಸರಿಟ್ಟಿತು. ಮದುವೆ ಮನೆಗಳಿಂದ ಅಡಿಗೆಗೆ ಕರೆ ಬರುವುದು ನಿಂತಿತು. ನೀನು ಹತ್ತಿ ಬಿಡಿಸಲು ಹೋಗುವುದನ್ನು ಕಟ್ಟೆಯ ಮೇಲೆ ಕೂತು ನೋಡಿದ್ದೇನೆ, ತಲೆ ತಗ್ಗಿಸಿದ್ದೇನೆ, ಮತ್ತೆ ಎಲೆ ಅಡಿಕೆ ಹಾಕಿಕೊಂಡಿದ್ದೇನೆ.

ಅಂದು ನೀನು ಬಾಗಿಲಲ್ಲೇ ನಿಂತಿದ್ದಿ. ಎಲ್ಲ ಕೇಳಿಸಿಕೊಂಡಿದ್ದಿ. ಯಾಕೆ ಬಾಯಿ ಬಿಡಲಿಲ್ಲ? ಹೆದರಿಕೆಯೋ, ನನ್ನ ಮಾನ ಉಳಿಸಬೇಕೆಂದೋ, ಹೇಳಿದರೂ ನಂಬುವವರಿಲ್ಲವೆಂದೋ — ಹತ್ತು ವರ್ಷ ಇದನ್ನೇ ಕೆದಕಿದೆ. ಈಗ ತಿಳಿಯುತ್ತಿದೆ, ಆ ಪ್ರಶ್ನೆ ಕೇಳಿಕೊಂಡಷ್ಟು ದಿನವೂ ಅರ್ಧ ತಪ್ಪನ್ನು ನಿನ್ನ ಮೇಲೆಯೇ ಹೊರಿಸಿದ್ದೆ. ಬಾಯಿ ಬಿಡಬೇಕಾದವನು ನಾನು.

ಪಾಯಪ್ಪ ಕಾಕಾ ಹೋದ ವರ್ಷ ತೀರಿಕೊಂಡರು. ಅವರಿಗೆ ಹೇಳಲಾಗಲಿಲ್ಲ. ನಾಳೆ ಸಂತೆಯಲ್ಲಿ, ಊರವರ ಎದುರು, ನಿನ್ನ ಹೆಸರು ಹಿಡಿದು ಎಲ್ಲ ಹೇಳುತ್ತೇನೆ. ಆಮೇಲೆ ನೀನು ನನ್ನ ಕಡೆ ನೋಡದೆ ಹೋದರೆ — ಹೋಗವ್ವ. ನಾನು ಕರೆಯುವುದಿಲ್ಲ.