ಢಾಪಿಬಾಯಿಯ ಕೆಂಪು

ಥಾರ್‌ನ ಮರಳುದಿಬ್ಬಗಳ ನಡುವಿನ ಆ ಮೂವತ್ತು ಗುಡಿಸಲುಗಳ ಊರಿನಲ್ಲಿ ದೇವರ ಬಗ್ಗೆ ಒಬ್ಬಿಬ್ಬರಿಗೆ ಸಂಶಯವಿತ್ತು, ಮಳೆಯ ಬಗ್ಗೆ ಎಲ್ಲರಿಗೂ ಇತ್ತು. ಢಾಪಿಬಾಯಿಯ ಕೆಂಪಿನ ಬಗ್ಗೆ ಮಾತ್ರ ಯಾರಿಗೂ ಇರಲಿಲ್ಲ. ಅವಳು ಅದ್ದಿದ ಬಟ್ಟೆ ಬಣ್ಣ ಬಿಡುವುದಿಲ್ಲ, ಅಷ್ಟೆ. ಹಳೆಯ ಬಟ್ಟೆ ಕತ್ತರಿಸಿ, ಬಣ್ಣ ಹಾಕಿ, ಚೌಕ ಚೌಕವಾಗಿ ಜೋಡಿಸಿ ಹೊಲಿದ ಅವಳ ಕೌದಿ ಇಲ್ಲದೆ ಅಲ್ಲಿನ ಯಾವ ಹುಡುಗಿಯೂ ಗಂಡನ ಮನೆಗೆ ಹೋದದ್ದಿಲ್ಲ.

ಊರು ಇದನ್ನು ನಂಬಿದ್ದಕ್ಕಿಂತ ಢಾಪಿಬಾಯಿ ಒಂದು ತೂಕ ಹೆಚ್ಚು ನಂಬಿದ್ದಳು. ಬಣ್ಣ ಕುದಿಸುವ ದಿನ ಅವಳ ಗತ್ತು ನೋಡಬೇಕಿತ್ತು. ಪುಡಿ ಎಲ್ಲರೂ ಕೊಳ್ಳುವ ಅಂಗಡಿಯದೇ, ಹಂಡೆ ಎಲ್ಲರ ಮನೆಯಲ್ಲಿರುವಂಥದೇ, ನೀರು ಊರಿಗೆಲ್ಲ ಒಂದೇ ಆದ ಬಾವಿಯ ಉಪ್ಪುನೀರೇ. ಆದರೂ ಹೆಂಗಸರನ್ನು ಹತ್ತು ಮಾರು ದೂರ ಕೂರಿಸಿ, ಅವರಿಗೆ ಬೆನ್ನು ಹಾಕಿ, ತುಟಿ ಅಲ್ಲಾಡಿಸುತ್ತ ಹಂಡೆಗೆ ಏನನ್ನೋ ಹಾಕುವಳು. ಹಾಕುತ್ತಿದ್ದುದು ಜಾಲಿ ತೊಗಟೆಯ ಒಂದು ಚೂರು. ತುಟಿ ಅಲ್ಲಾಡುತ್ತಿದ್ದುದು ಹೊಗೆಯನ್ನು ಬೈಯಲು.

"ಕಾಕಿ, ಆ ಗುಟ್ಟು ನಮಗೂ ಸ್ವಲ್ಪ ಹೇಳಿ. ಮೇಲೆ ಹೋಗೋವಾಗ ಕಟ್ಕೊಂಡು ಹೋಗ್ತೀರಾ?" ಎಂದು ದಿಬ್ಬದಾಚೆಯ ಮನೆಯ ಸುಗಣಿ ಕೇಳಿದರೆ,

"ಗುಟ್ಟು ಹಂಡೇಲಿಲ್ಲ ಕಣೇ, ಕೈಯಲ್ಲಿದೆ. ನಿನ್ನ ಕೈಗೆ ರೊಟ್ಟೀನೇ ದುಂಡಗೆ ಬರಲ್ಲ, ಇನ್ನು ಬಣ್ಣ ನಿಲ್ಲುತ್ತಾ?" ಎನ್ನುವಳು.

ಮೊಮ್ಮಗಳು ಚಂದೂಳ ಮದುವೆ ಕಾಲುವೆಯ ಸೀಮೆಯ ಹುಡುಗನೊಂದಿಗೆ ಗೊತ್ತಾದಾಗ ಢಾಪಿಬಾಯಿ ಪೆಟ್ಟಿಗೆಯ ತಳದಿಂದ ತಲೆಗೆ ಹೊದೆಯುವ ಒಂದು ಓಢಣಿ ತೆಗೆದಳು. ಅದು ತನ್ನ ಮಗಳು, ಚಂದೂಳ ತಾಯಿ ಹೇಮಿಯದು. ಹೇಮಿ ಮೂರು ದಿನದ ಜ್ವರದಲ್ಲಿ ಹೋದಾಗ ಚಂದೂಗೆ ನಾಲ್ಕು ವರ್ಷ. ಆಮೇಲೆ ಆ ಕೆಂಪು ಓಢಣಿಯನ್ನು ಯಾರೂ ಹೊದ್ದಿರಲಿಲ್ಲ. ಅದನ್ನು ಕತ್ತರಿಸಿ, ನಡುನಡುವೆ ತನ್ನ ಗಂಡನ ರುಮಾಲಿನ ಬಿಳಿ ಚೌಕಗಳನ್ನಿಟ್ಟು ಕೌದಿ ಮಾಡುವುದೆಂದು ಮುದುಕಿ ತೀರ್ಮಾನಿಸಿದಳು. ಆದರೆ ಹೇಮಿ ಹೊದ್ದ ದಿನಗಳ ಬಿಸಿಲಿಗೆ ಕೆಂಪು ಮಂಕಾಗಿತ್ತು.

"ಹಾಗೇ ಇರಲಿ ಬಿಡಿ ನಾನಿ," ಎಂದಳು ಚಂದೂ. "ಅಮ್ಮ ಹೊದ್ಕೋತಿದ್ದ ಹಾಗೇ ಇರಲಿ."

"ಸುಮ್ಮನಿರು. ನನ್ನ ಕೌದೀಲಿ ಮಂಕು ಕೆಂಪು ಕಂಡ್ರೆ ಬೀಗರು ಏನಂದ್ಕೋತಾರೆ? ಮುದುಕಿ ಸತ್ತಳು ಅಂದ್ಕೋತಾರೆ."

ಓಢಣಿ ಹಂಡೆಗೆ ಬಿತ್ತು. ಮೂರು ತಿಂಗಳ ಹೊಲಿಗೆ ಮುಗಿದು, ಚಂದೂ ಕೌದಿಯೊಡನೆ ಗಂಡನ ಮನೆಗೆ ಹೋದಳು.

ಹೋಳಿ ಕಳೆದ ಮೇಲೆ ಒಂದು ದಿನ ಅಂಗಡಿಯವನ ಫೋನಿಗೆ ಚಂದೂಳ ಕರೆ ಬಂತು. ಮಾತಿಗಿಂತ ಅಳುವೇ ಹೆಚ್ಚು. ಕೌದಿಯನ್ನು ಮೊದಲ ಸಲ ನೀರಿಗೆ ಹಾಕಿದ್ದಳಂತೆ. ಬಿಳಿ ಚೌಕಗಳೆಲ್ಲ ಗಾಯಕ್ಕೆ ಕಟ್ಟಿದ ಬಟ್ಟೆಯಂತಾಗಿವೆಯಂತೆ. ಓರಗಿತ್ತಿಯರು, "ನಿಮ್ಮಜ್ಜಿ ಕೌದಿ ಕೊಟ್ಟಿದಾಳೋ, ಹೋಳಿ ಆಡೋಕೆ ಬಣ್ಣ ಕೊಟ್ಟಿದಾಳೋ?" ಎಂದು ನಗುತ್ತಿದ್ದಾರಂತೆ.

"ನನ್ನ ಕೆಂಪು ಬಿಡಲ್ಲ," ಎಂದಳು ಢಾಪಿಬಾಯಿ. "ಅವರ ನೀರಲ್ಲೇ ಏನೋ ಹೊಲಸಿದೆ."

ಮರುದಿನ ಬೆಳಗಿನ ಲಾರಿ ಹತ್ತಿದಳು. ತೊಡೆಯ ಮೇಲೆ ಊರ ಬಾವಿಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿದ ಕೊಡ.

"ಕಾಲುವೆ ಊರಿಗೆ ನೀರು ಹೊತ್ಕೊಂಡು ಹೋಗೋಳು ನೀನೊಬ್ಬಳೇ ಅಜ್ಜಿ," ಎಂದು ಡ್ರೈವರ್ ನಕ್ಕ.

"ನೀರಲ್ಲ ಕಣೋ ಇದು, ಸಾಕ್ಷಿ. ನೀನು ಗುಂಡಿ ನೋಡ್ಕೊಂಡು ಓಡಿಸು, ಸಾಕ್ಷಿ ಚೆಲ್ಲೀತು."

ಬೀಗಿತ್ತಿ ಲಾಛೂಬಾಯಿ ಕಡಿಮೆ ಮಾತಿನ ಹೆಂಗಸು. ಕೌದಿಯನ್ನು ಒಣಗಲು ಬಿಡದೆ ನೆರಳಿನಲ್ಲಿ ದೊಡ್ಡ ಟಬ್ಬಿನೊಳಗೆ ಮುಳುಗಿಸಿಟ್ಟಿದ್ದಳು. "ಒಣಗಿದ್ರೆ ಕಲೆ ಕಚ್ಕೊಂಡುಬಿಡುತ್ತೆ. ಮುಂದಕ್ಕೆ ಕೈ ಹಾಕೋಣ ಅಂದ್ರೆ, ನಿಮ್ಮ ಮಗಳ ಬಟ್ಟೆ. ನಿಮ್ಮನ್ನ ಕೇಳದೆ ಹೇಗೆ?" ಎಂದಳು.

ಢಾಪಿಬಾಯಿ ಉಪಚಾರದ ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಓರಗಿತ್ತಿಯರೂ ಅಕ್ಕಪಕ್ಕದವರೂ ಸೇರುವವರೆಗೆ ಕಾದಳು. ಎರಡು ಬೋಗುಣಿ ಇಡಿಸಿ, ಒಂದಕ್ಕೆ ತನ್ನ ಕೊಡದ ನೀರು, ಇನ್ನೊಂದಕ್ಕೆ ಕಾಲುವೆಯ ನೀರು ಸುರಿದಳು. ಕೌದಿಯ ಎರಡು ಮೂಲೆ ಹಿಂಡಿ, ಒಂದನ್ನು ಇದರಲ್ಲಿ, ಇನ್ನೊಂದನ್ನು ಅದರಲ್ಲಿ ಅದ್ದಿದಳು. ಕಾಲುವೆಯ ನೀರು ಕೂಡಲೇ ಕೆಂಪಾಯಿತು. ಅವಳ ನೀರು ತಿಳಿಯಾಗಿಯೇ ಉಳಿಯಿತು.

"ನೋಡಿ! ಎಲ್ರೂ ನೋಡಿ! ಈಗ ನಗಿ!" ಅವಳು ತಲೆಯೆತ್ತಿ ಸುತ್ತ ನೋಡಿದಳು. ತೀರ್ಪು ಓದಿ ಮುಗಿಸಿದ ಜಡ್ಜ್ ಕೂಡ ಹಾಗೆ ನೋಡಿರಲಿಕ್ಕಿಲ್ಲ.

ಯಾರೂ ನಗಲಿಲ್ಲ. ಲಾಛೂಬಾಯಿ ಕೊಡಕ್ಕೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು.

"ಬೀಗಿತ್ತೀ, ನಿಮ್ಮೂರಲ್ಲಿ ಕೌದಿ ಯಾವ ನೀರಲ್ಲಿ ಒಗೀತೀರಿ?"

"ಇದರಲ್ಲೇ. ಇನ್ಯಾವುದಿದೆ?"

"ಮಳೆನೀರಲ್ಲಿ?"

"ಅದು ಕುಡಿಯೋಕೇ ಸಾಲಲ್ಲ! ಸಿಹಿನೀರಲ್ಲಿ ಯಾರಾದ್ರೂ ಕೌದಿ ಒಗೀತಾರಾ?"

"ಹಾಗಾದ್ರೆ..." ಲಾಛೂಬಾಯಿ ದನಿ ತಗ್ಗಿಸಿದಳು. "ಬಣ್ಣ ಹಿಡಿದಿಟ್ಟಿದ್ದು ಈ ಉಪ್ಪು ಅನ್ಸುತ್ತೆ. ನಮ್ಮ ಕಾಲುವೇದು ಸಿಹಿನೀರು. ಬೇಜಾರು ಮಾಡ್ಕೋಬೇಡಿ."

ಢಾಪಿಬಾಯಿ ತಾನೂ ಕೊಡಕ್ಕೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಅಷ್ಟು ದೂರದಿಂದ ಹೊತ್ತು ತಂದ ಸಾಕ್ಷಿ ಅವಳ ವಿರುದ್ಧವೇ ನುಡಿದಿತ್ತು.

ಉಳಿದದ್ದು ಎರಡೇ ದಾರಿ. ಈಗಲೇ ತೆಗೆದು ಒಣಗಿಸಿದರೆ ಕೆಂಪು ಉಳಿಯುತ್ತದೆ, ಬಿಳಿ ಕೆಡುತ್ತದೆ, ಒಗೆದಾಗಲೆಲ್ಲ ಚಂದೂಗೆ ಇದೇ ಪಾಡು. ಇಲ್ಲವೇ ಬಿಸಿನೀರು, ಸೋಪು ಹಾಕಿ, ಬಿಡುವ ಬಣ್ಣವೆಲ್ಲ ಬಿಟ್ಟು ಮುಗಿಯುವವರೆಗೆ ನೀರು ಬದಲಿಸುತ್ತಿರಬೇಕು. ಬಿಳಿ ಮರಳಿ ಬರುತ್ತದೆ. ಓಢಣಿಯ ಕೆಂಪು ಎಷ್ಟು ಉಳಿದೀತೋ ಹೇಳುವಂತಿಲ್ಲ.

"ನನಗೆ ಅಮ್ಮನ ಮುಖ ನೆನಪಿಲ್ಲ ನಾನಿ," ಎಂದಳು ಚಂದೂ. "ಆ ಕೆಂಪು ಒಂದೇ ನೆನಪಿರೋದು."

ಢಾಪಿಬಾಯಿ ಟಬ್ಬಿನಿಂದ ಒಂದು ಕೆಂಪು ಚೌಕವನ್ನು ಎತ್ತಿ ನೋಡಿದಳು. "ಇದು ಅವಳ ಕೆಂಪಲ್ಲ ಮಗಾ. ಅವಳದರ ಮೇಲೆ ನಾನು ಬಳಿದಿದ್ದು," ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಒಲೆ ಹಚ್ಚಿ."

ಸಂಜೆಯವರೆಗೆ ನೀರು ಕಾಯಿತು, ಕೆಂಪಾಯಿತು, ತಿಪ್ಪೆಯ ಪಕ್ಕದ ಚರಂಡಿಗೆ ಹೋಯಿತು. ಅವಳ ಊರಲ್ಲಿ ಒಂದು ಕೌದಿಗೆ ಇಷ್ಟು ನೀರು ಸುರಿದಿದ್ದರೆ ಪಂಚಾಯಿತಿ ಸೇರುತ್ತಿತ್ತು. ಪ್ರತಿ ಸಲ ಟಬ್ಬು ಮಗುಚುವಾಗ ಅವಳು ಮುಖ ಆಚೆ ತಿರುಗಿಸುತ್ತಿದ್ದಳು. ಕೊನೆಗೆ ನೀರು ತಿಳಿಯಾದಾಗ ಬಿಳಿ ಬಿಳಿಯಾಗಿತ್ತು. ಕೆಂಪು ಹಳೇ ಇಟ್ಟಿಗೆಯಷ್ಟು ಉಳಿದಿತ್ತು. ನಡುವಿನ ಚೌಕದಲ್ಲಿ ಬಟ್ಟೆ ಸವೆದು, ಬಟ್ಟಲಗಲ ದುಂಡನೆಯ ಬಿಳಿಚು ಗುರುತೊಂದು ಮೇಲೆದ್ದಿತ್ತು. ಹೇಮಿ ಓಢಣಿಯ ಮೇಲೆ ಸಿಂಬೆಯಿಟ್ಟು ಕೊಡ ಹೊತ್ತ ಜಾಗ. ಚಂದೂ ಅದರ ಮೇಲೆ ಅಂಗೈ ಇಟ್ಟಳು. ಢಾಪಿಬಾಯಿ ಮಾತ್ರ ಇಡಲಿಲ್ಲ. ಅವಳ ಅಂಗೈ ಇನ್ನೂ ಕೆಂಪಾಗಿತ್ತು.

ಊರಿಗೆ ಬಂದ ದಿನವೇ ಸುಗಣಿ ಬಟ್ಟೆಯ ಗಂಟು ಹೊತ್ತು ಬಂದಳು. ಅವಳ ಮಗಳಿಗೂ ಕಾಲುವೆ ಸೀಮೆಯದೇ ಸಂಬಂಧ. ಈಗೆಲ್ಲ ಹುಡುಗಿಯರನ್ನು ಅತ್ತಲೇ ಕೊಡುತ್ತಿದ್ದರು.

"ಕಾಕಿ, ಕೆಂಪು ಸ್ವಲ್ಪ ಜಾಸ್ತೀನೇ ಇರಲಿ."

"ನನ್ನ ಕೆಂಪು ನಿಲ್ಲಲ್ಲ ಸುಗಣಿ. ಅಲ್ಲಿಯ ಸಿಹಿನೀರು ಬಿದ್ರೆ ಎಲ್ಲ ಬಿಡುತ್ತೆ. ಬಟ್ಟೆ ಬಣ್ಣ ಇರೋ ಹಾಗೇ ಹೊಲಿದು ಕೊಡ್ತೀನಿ."

ಸುಗಣಿ ಮೊದಲು ತಮಾಷೆಯೆಂದುಕೊಂಡು ನಕ್ಕಳು. ಮುದುಕಿಯ ಮುಖ ನೋಡಿ ನಗು ನಿಲ್ಲಿಸಿದಳು. "ಮದುವೆಗೆ ಮಂಕು ಕೌದಿ ಯಾರಾದ್ರೂ ಕೊಡ್ತಾರಾ ಕಾಕಿ?" ಎಂದು ಗಂಟನ್ನು ಮತ್ತೆ ಕಟ್ಟಿದಳು. "ಬೇಜಾರು ಮಾಡ್ಕೋಬೇಡಿ. ಪೇಟೇಲಿ ರೆಡಿಮೇಡ್ ಸಿಗುತ್ತಂತೆ."

ಅವಳು ದಿಬ್ಬದ ತುದಿ ಮುಟ್ಟುವಾಗ ಢಾಪಿಬಾಯಿ ಬಾಗಿಲಿಗೆ ಬಂದು ನಿಂತಳು.

"ಸುಗಣೀ! ಪೇಟೇದೂ ಬಿಡುತ್ತೆ ಕಣೇ! ಬಿಟ್ರೆ ಬಿಸಿಲಿಗೆ ಹಾಕೋಕೆ ಹೇಳ್ಬೇಡ! ಒಣಗೋಕೆ ಬಿಡಬಾರದು, ತುಂಬ ನೀರಲ್ಲಿ ಮುಳುಗಿಸಿ ಇಡ್ಬೇಕು!"

ಜೀವಮಾನದಲ್ಲಿ ಅವಳು ಬಾಯಿಬಿಟ್ಟು ಹೇಳಿದ ಒಂದೇ ಗುಟ್ಟು ಅದು. ಗಾಳಿ ಎದುರಿನಿಂದ ಬೀಸುತ್ತಿತ್ತು. ಸುಗಣಿ ತಿರುಗಿ, ಕೇಳಿಸಲಿಲ್ಲವೆಂದು ಕೈಯಾಡಿಸಿ, ದಿಬ್ಬ ಇಳಿದು ಹೋದಳು.