ಅಪ್ಪನ ಫೈಲಿನಲ್ಲಿ ನನ್ನ ಫೀ ರಸೀದಿ

ಗೋಕಾಕದಲ್ಲಿ ಬಿ.ಕಾಂ. ಓದಿದ ಮೂರೂ ವರ್ಷ ನನ್ನ ಫೀ ನಾನೇ ಕಟ್ಟಿಕೊಂಡೆ. ನಮ್ಮಪ್ಪ ಹುಕ್ಕೇರಿ ಕಡೆಯ ಹೈಸ್ಕೂಲೊಂದರಲ್ಲಿ ಮಾಸ್ತರರು. ಅಣ್ಣನನ್ನು ಬೆಳಗಾವಿಯಲ್ಲಿ ಎಂಜಿನಿಯರಿಂಗಿಗೆ ಹಚ್ಚಿದ ವಾರವೇ ನನ್ನನ್ನು ಕರೆದು, "ಹೆಣ್ಮಗಳಿಗೆ ಇಷ್ಟ ಸಾಕು. ಇನ್ನೂ ಓದಾಕಬೇಕು ಅಂದ್ರ ನೀನ ದುಡದು ಓದು" ಅಂದಿದ್ದರು. ಆಗಸ್ಟ್ ಹದಿನೈದಕ್ಕೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡುವವರೂ ಇದೇ ನಮ್ಮಪ್ಪ. ಭಾಷಣ ಚಲೋ ಇರುತ್ತಿತ್ತು, ನಾನೂ ಚಪ್ಪಾಳೆ ತಟ್ಟಿದ್ದೇನೆ.

ದುಡಿಮೆ ಸಿಕ್ಕಿದ್ದು ಒಂದು ತೆರಿಗೆ ಸಲಹೆಗಾರರ ಆಫೀಸಿನಲ್ಲಿ. ಮಾಲಕರು ಮೂಡಲಗಿಯವರು. ಮುಂಜಾನೆ ಕಾಲೇಜು, ಮಧ್ಯಾಹ್ನದಿಂದ ಟೈಪಿಂಗು. ಜುಲೈ ಬಂತೆಂದರೆ ಅಂಕಲಗಿ, ಕೌಜಲಗಿ, ಮೇಲವಂಕಿ ಕಡೆಯ ಮಾಸ್ತರರೆಲ್ಲ ಪ್ಲಾಸ್ಟಿಕ್ ಫೈಲು ಹಿಡಿದು ಬಂದು, ತೆರಿಗೆಯಷ್ಟು ದೊಡ್ಡ ಅನ್ಯಾಯ ಲೋಕದಲ್ಲಿಲ್ಲ ಎನ್ನುವ ಮುಖ ಮಾಡಿ ಕೂರುತ್ತಿದ್ದರು. ಮಕ್ಕಳ ಫೀ ತೋರಿಸಿ ತೆರಿಗೆ ಉಳಿಸುವ ಕಾಲಮ್ಮು ತುಂಬಿ ತುಂಬಿ ಸಾಕಾಗಿ, ಒಂದು ದಿನ ಮಾಲಕರನ್ನು ಕೇಳಿಯೇಬಿಟ್ಟೆ: ತನ್ನ ಫೀ ತಾನೇ ಕಟ್ಟಿಕೊಳ್ಳುವವರಿಗೆ ಈ ವಿನಾಯಿತಿ ಇಲ್ಲವೇ?

"ಇಲ್ಲವಾ. ಮಕ್ಕಳ ಫೀ ಕಟ್ಟಿದವರಿಗೆ ಅಷ್ಟ. ತನ್ನ ಓದಿಗೆ ತಾನ ಕಟ್ಟಿದ್ರ ಬರೂದಿಲ್ಲ. ಅದೂ ಅಲ್ದ, ನಿನ್ನ ಪಗಾರಕ್ಕ ತೆರಿಗಿ ಎಲ್ಲೈತಿ?" ಎಂದು ನಕ್ಕರು. ಆ ಪಗಾರ ಕೊಡುತ್ತಿದ್ದವರು ತಾವೇ ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಕಾಲೇಜಿನ ಕೌಂಟರಿನವರದು ಇನ್ನೊಂದು ಪುರಾಣ. ನಮ್ಮ ಕಡೆ ಹುಡುಗಿಯ ಹೆಸರಿನ ಬೆನ್ನಿಗೆ ಅಪ್ಪನ ಹೆಸರು ಬರಲೇಬೇಕು, ಅದಿರಲಿ. ಆದರೆ ರಸೀದಿಯಲ್ಲಿ ಹಣ ಕಟ್ಟಿದವರು ಎಂಬ ಜಾಗದಲ್ಲೂ ಅವರು ಅಪ್ಪನ ಹೆಸರನ್ನೇ ಬರೆದರು. ನೋಟು ಎಣಿಸಿ ಕೊಟ್ಟವಳು ಎದುರಿಗೇ ನಿಂತಿದ್ದೆ. "ಕಟ್ಟಿದಾಕಿ ನಾನ್ರಿ" ಅಂದರೆ, "ಪಾಲಕರ ಹೆಸರ ಬರಿಯೂದು ಯವ್ವಾ, ಎಲ್ಲಾರದೂ ಹಂಗ" ಎಂದು ಮುಂದಿನವರನ್ನು ಕರೆದರು.

ಕಡೆಯ ವರ್ಷ, ಜನವರಿಯಲ್ಲಿ ಅವ್ವ ಫೋನು ಮಾಡಿದಳು. "ನಿನ್ನ ಫೀ ಪಾವತಿ ಫೋಟೋ ಕಳಸು, ಅಪ್ಪ ಕೇಳಾಕತ್ತಾರ." ಅಪ್ಪನ ಮನಸ್ಸು ಕರಗಿತು, ಈ ಒಂದು ವರ್ಷದ್ದಾದರೂ ಕೊಡುತ್ತಾರೆ ಎಂದುಕೊಂಡೆ. ದುಡ್ಡಿಗಿಂತ ಹೆಚ್ಚಾಗಿ, ಮಗಳು ಓದುತ್ತಿದ್ದಾಳೆ ಎಂಬುದು ಅವರ ತಲೆಗೆ ಬಂತಲ್ಲ ಎಂಬ ಖುಷಿ. ರಸೀದಿಯನ್ನು ಬೆಳಕಿಗೆ ಹಿಡಿದು ಅಕ್ಷರ ಸ್ಪಷ್ಟ ಬರುವ ಹಾಗೆ ಫೋಟೋ ತೆಗೆದು ಕಳಿಸಿದೆ. ಅವತ್ತಿನ ನನ್ನನ್ನು, ಆ ಹುಚ್ಚು ಹುಡುಗಿಯನ್ನು ನೆನೆದರೆ ಎಲ್ಲರಿಗಿಂತ ಹೆಚ್ಚು ತಾತ್ಸಾರ ಹುಟ್ಟುವುದು ಅವಳ ಮೇಲೆಯೇ.

ಜುಲೈನ ಒಂದು ಭಾನುವಾರ ಅಪ್ಪ ತಮ್ಮ ಫೈಲಿನೊಂದಿಗೆ ಆಫೀಸಿಗೆ ಬಂದರು. ಮೊದಲಿನಿಂದಲೂ ಅವರು ಅಲ್ಲಿಯ ಗಿರಾಕಿ. ಟೈಪು ಮಾಡಲು ಫೈಲು ನನ್ನ ಮುಂದೆಯೇ ಬಂತು. ಪಿಂಚಣಿ ನಿಧಿ, ವಿಮೆ, ಅಣ್ಣನ ಕಾಲೇಜಿನ ರಸೀದಿ, ಅದರ ಕೆಳಗೆ ನಾನು ಕಳಿಸಿದ ಫೋಟೋದ ಪ್ರಿಂಟು. ಫೋಟೋದ ಅಂಚಿನಲ್ಲಿ ನನ್ನ ಹೆಬ್ಬೆರಳೂ ಇತ್ತು. ಫೀ ಕಟ್ಟುವಾಗ ನಮ್ಮಪ್ಪನಿಗೆ ಒಬ್ಬನೇ ಮಗ, ತೆರಿಗೆ ಉಳಿಸುವಾಗ ಇಬ್ಬರು ಮಕ್ಕಳು.

"ಅಪ್ಪಾ, ಇದನ್ನ ಕಟ್ಟಿದಾಕಿ ನಾನು," ಅಂದೆ. ಕೂತಿದ್ದ ಮಾಸ್ತರರೆಲ್ಲ ಕೇಳಲಿ ಎಂದೇ ತುಸು ಜೋರಾಗಿ ಅಂದೆ.

"ಹೌದವಾ, ಯಾರ ಇಲ್ಲ ಅಂದ್ರು? ನಿನಗಂತೂ ವಿನಾಯಿತಿ ಬರೂದಿಲ್ಲ. ಮನ್ಯಾಗಿನ ರೊಕ್ಕ ಮನ್ಯಾಗ ಉಳೀಲಿ." ಬಾಜೂ ಕೂತವರು ತಲೆಯಾಡಿಸಿದರು. ಎಷ್ಟು ಜಾಣ ಮಾತು.

ಮಾಲಕರು ಫೈಲು ಎಳೆದುಕೊಂಡು ಕಣ್ಣಾಡಿಸಿದರು. "ಮಾಸ್ತರ್ರ, ನಿಮ್ಮ ನಿಧಿ, ವಿಮಾ, ಮಗನ ಫೀ, ಇಷ್ಟಕ್ಕ ವಿನಾಯಿತಿ ಮಿತಿ ತುಂಬಿಬಿಟ್ಟೈತ್ರಿ. ಇದನ್ನ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ತಗದಬಿಡೂಣು."

ನಾನು ಆಗಲೇ ಎದ್ದು ಬರಬೇಕಿತ್ತು, ಬರಲಿಲ್ಲ. ಕದ್ದದ್ದೂ ಕದ್ದರು, ಅದರಿಂದ ಒಂದು ಪೈಸೆಯ ಪ್ರಯೋಜನವಾದರೂ ಆಗಬಾರದೇ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಪ್ಪನಿಗೆ ಮಾತ್ರ ನಷ್ಟವಾದ ಮುಖ. ಆ ಕಾಗದ ಮಡಚಿ ನನ್ನ ಕಡೆ ಸರಿಸಿದರು.

"ಇರಲಿ, ಜ್ವಾಕಿ ಮಾಡಿ ಇಡು. ಮುಂದಿನ ವರ್ಷದ್ದೂ ಕಳಸು. ಅಣ್ಣಂದು ಮುಗದ ಮ್ಯಾಲೆ ನಿಂದು ಉಪಯೋಗಕ್ಕ ಬರ್ತೈತಿ."

"ಮುಂದಿನ ವರ್ಷದ್ದು ಇಲ್ಲರಿ ಅಪ್ಪಾ. ಹೋದ ತಿಂಗಳ ನನ್ನ ಡಿಗ್ರಿ ಮುಗೀತು."

ಅಪ್ಪ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ, ತರಗತಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯನ್ನು ಕೇಳುವ ದನಿಯಲ್ಲಿ ಕೇಳಿದರು:

"ಯಾತರಾಗ?"